ದೇವರ ಮನೆಯ ಡಿಸ್ಕ್

ಆಯುಧಪೂಜೆಯ ದಿನ ನಮ್ಮವರು ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಾ, "ಎಲ್ಲಾರದೂ ಆಯ್ತು ಕಣಮ್ಮಿ. ನಮ್ಮಂಗಡಿ ಸಿಸ್ಟಮ್ಮು ನಾಳೆ ಮಾಡ್ತೀನಿ ಬುಡು" ಅಂದರು. ಮಾರನೆಯ ಬೆಳಿಗ್ಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು.

ಕೊರಟಗೆರೆಯಲ್ಲಿ ನಮ್ಮದು ಕಂಪ್ಯೂಟರ್ ರಿಪೇರಿ ಅಂಗಡಿ. ಹಬ್ಬಕ್ಕೆ ಎಲ್ಲರೂ ಯಂತ್ರ ನಿಲ್ಲಿಸಿದಾಗ ಇವರು ಮಧುಗಿರಿ, ಶಿರಾ, ಪಾವಗಡ ಸುತ್ತಿ, ಗಿರಾಕಿಗಳ ಇಡೀ ಸಿಸ್ಟಮನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತಿದ್ದರು. ಆಮೇಲೆ ಯಂತ್ರವನ್ನು ನಕಲಿನಿಂದಲೇ ಶುರು ಮಾಡಿ, ಹಳೆಯ ಡಿಸ್ಕಿಗೆ ತಾರೀಖು ಬರೆದು, ಕುಂಕುಮವಿಟ್ಟು ಕೊಡುತ್ತಿದ್ದರು. ಕೆಟ್ಟರೆ ಅದನ್ನು ಹಾಕಿಕೊಳ್ಳಬೇಕು. ಮುಂದಿನ ವರ್ಷ ಅದನ್ನೇ ಅಳಿಸಿ ಹೊಸ ನಕಲು. ಕೇಳಿದವರಿಗೆಲ್ಲ ಬಸ್ಸಿನಲ್ಲಿ ನಿಂತೇ ಕಲಿಸಿಬಿಡುತ್ತಿದ್ದರು.

ಅದೇ ವಿಧಾನಕ್ಕೆ ಒಂದು ಕಂಪನಿ ಪೇಟೆಂಟ್ ಕೇಳಿ, ಅಂಗಡಿಗಳಿಗೆ ನಿಲ್ಲಿಸಿ ಎಂದು ಕಾಗದ ಕಳಿಸಿತ್ತು. ಇವರು ಆಕ್ಷೇಪಣೆ ಹಾಕಿದ್ದರು. ತಾವು ಕಲಿಸಿದ್ದನ್ನು ಯಾರೂ ತಡೆಯಬಾರದು, ಅಷ್ಟೇ ಅವರ ಹಟ. ಈ ವಿಧಾನ ಮೊದಲೇ ಬಳಕೆಯಲ್ಲಿತ್ತೆಂದು ತೋರಿಸಲು ಕಂಪನಿಯ ಅರ್ಜಿಗಿಂತ ಹಳೆಯ ಡಿಸ್ಕ್ ಒಂದಾದರೂ ಬೇಕು ಎಂದರು ವಕೀಲರು. ಹುಡುಕಲು ನಾನೇ ಹೊರಟೆ.

ಶಿರಾದ ಜೆರಾಕ್ಸ್ ಅಂಗಡಿಯವರು ಕೈ ಚೆಲ್ಲಿದರು. "ಭಾಭಿ, ಭಾಯಿನೇ ವರ್ಷವರ್ಷ ಅಳಿಸ್ಬುಟ್ಟವ್ರೆ. ಹಳೇದು ಎಲ್ಲಿಂದ ತರ್ಲಿ?"

ಪಾವಗಡದ, ತೆಲುಗು ಮನೆಮಾತಿನ ಟೈಪಿಂಗ್ ಅಂಗಡಿಯಾಕೆ ಮಾತ್ರ ನಾಚುತ್ತ ದೇವರ ಮನೆಯ ಡಿಸ್ಕುಗಳ ಸಾಲಿನಿಂದ ಎಲ್ಲಕ್ಕಿಂತ ಹಳೆಯದನ್ನು ತಂದರು. ಕುಂಕುಮ ಬೆರಳು ದಪ್ಪ ಕೂತಿತ್ತು.

"ಕುಂಕುಮ ಇಟ್ಟು ಕೊಟ್ಟಿದ್ರಲ್ಲಕ್ಕಾ, ದಿನಾ ಪೂಜೆ ಮಾಡ್ದೆ. ಅಳಿಸೋಕೆ ಕೊಟ್ರೆ ಪಾಪಂ ಕದಾ!"

"ವಾಪಸ್ ಕೇಳ್ಲಿಲ್ವಾ ಅವ್ರು?"

"ಪ್ರತಿ ವರ್ಷ ಕಳೆದೋಯ್ತು ಅಂತಿದ್ದೆ. 'ಡಿಸ್ಕ್ ತಿಂತೀಯೇನಮ್ಮಾ' ಅಂತ ಬೈದು ಹೊಸದು ಹಾಕೋರು."

ಅಷ್ಟು ದಿನಗಳಲ್ಲಿ ಅಂದು ಮೊದಲ ಸಲ ನಕ್ಕೆ.

ಒರೆಸಿದರೆ ಕೆಳಗೆ ಇವರ ಕೈಬರಹದ ತಾರೀಖು ಇತ್ತು. ವಕೀಲರನ್ನು ಟೈಪಿಂಗ್ ಅಂಗಡಿಗೇ ಕರೆಸಿ, ಅವರ ಮುಂದೆ ಹಳೆಯ ಯಂತ್ರಕ್ಕೆ ಹಾಕಿದೆವು. ಪರದೆಯ ಮೇಲೆ ಎಲ್‌ಕೆಜಿ ಸಮವಸ್ತ್ರದ, ಮೂಗು ಸೋರುವ ಮಗುವಿನ ಫೋಟೊ ಬಂತು. "ಅಮ್ಮಾ, ಮುಚ್ಚೇ ಅದನ್ನ!" ಎಂದು ಕಿರುಚಿದಳು, ಈಗ ಕಾಲೇಜಿಗೆ ಹೋಗುವ, ಅಂಗಡಿಯಾಕೆಯ ಮಗಳು. ವಕೀಲರೂ ನಕ್ಕರು.

ಕಂಪನಿಗೆ ಪೇಟೆಂಟ್ ಸಿಗಲಿಲ್ಲ. ಈ ಹಬ್ಬಕ್ಕೆ ಮೂರೂ ಊರಿನ ಅಂಗಡಿಯವರು ತಮ್ಮ ತಮ್ಮ ನಕಲು ತಾವೇ ಮಾಡಿಕೊಂಡು, ಫೋನ್ ಮಾಡಿ ಹೇಳಿದರು.

ನಮ್ಮ ಅಂಗಡಿಗೆಂದು ಇವರು ತೆಗೆದಿಟ್ಟ ಖಾಲಿ ಡಿಸ್ಕ್ ಮೇಜಿನ ಮೇಲಿದೆ. ಕುಂಕುಮ ಇಟ್ಟಿದ್ದೇನೆ. ನಾಳೆ ಮಾಡ್ತೀನಿ ಅಂದಿದ್ದ ನಕಲು ಇನ್ನೂ ಆಗಿಲ್ಲ.