ಸವೆಯದ ಚೈನ್

ನನ್ನ ಸೈಕಲ್ಲಿಗೆ ಬೆಳಿಗ್ಗೆ ಒಂದು ಬುದ್ಧಿ, ಸಂಜೆ ಒಂದು ಬುದ್ಧಿ. ನೆರುಳಿನ ಮನೆಯಿಂದ ಬೇಲಾಪುರದ ಕಚೇರಿಗೆ ಹೊರಟಾಗ ಗಿಯರ್ ಮಾತು ಕೇಳುತ್ತಿರಲಿಲ್ಲ. ಸಂಜೆ ಅದೇ ಗಿಯರ್, ಅದೇ ರಸ್ತೆ, ಒಂದು ತಕರಾರಿಲ್ಲ. ಡಿಸೆಂಬರಿನಲ್ಲಿ ಶುರುವಾದ ಹಟ ಇದು. ಒಂದು ಬೆಳಿಗ್ಗೆ ರೈಲು ಹಳಿಯ ಮೇಲಿನ ಸೇತುವೆ ಏರಿ, ಇಳಿಜಾರಿನಲ್ಲಿ ಗಿಯರ್ ಬದಲಿಸಲು ಮೂರು ಸಲ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಸಿಟ್ಟಿನಿಂದ ಎದ್ದು ನಿಂತು ತುಳಿದೆ. ಆಗ ಮೂರೂ ಗಿಯರ್ ಒಟ್ಟಿಗೇ ಬಿದ್ದವು, ಚೈನ್ ಜಿಗಿಯಿತು, ನಾನು ರಸ್ತೆಗೆ ಬಿದ್ದೆ.

ಮೊಣಕಾಲು ತರಚಿಕೊಂಡು ಮನೆಗೆ ಮರಳಿದವಳನ್ನು ಅತ್ತೆ ಬಾಗಿಲಲ್ಲೇ ಹಿಡಿದರು.

"ಇನ್ನೊಂದು ಸಲ ಹೀಗೆ ಬಿದ್ದು ಬಂದ್ರೆ ಈ ಸೈಕಲನ್ನು ಭಂಗಾರ್‌ನವನಿಗೆ ಕೊಡ್ತೇನೆ ನೋಡು. ಬಸ್ಸಿಗೆ ಎಂತ ರೋಗ ಮಾರಾಯ್ತಿ?"

ಅತ್ತೆ ಉಡುಪಿಯವರು, ನಾನು ಧಾರವಾಡದವಳು. ಅವರು ಬಾಯಿಮಾತಿಗೆ ಬೆದರಿಸುವವರಲ್ಲ. ನನ್ನ ಹಳೆಯ ಮಿಕ್ಸರ್ ಒಂದು ಮಧ್ಯಾಹ್ನ ನಾನಿಲ್ಲದಾಗ ಹಾಗೆಯೇ ಭಂಗಾರ್‌ನವನ, ಎಂದರೆ ಗುಜರಿಯವನ, ಗಾಡಿ ಹತ್ತಿತ್ತು. ಗಂಡನಂತೂ ಇಂಥ ವಿಷಯದಲ್ಲಿ ಪೇಪರಿನಿಂದ ತಲೆ ಎತ್ತುವವರಲ್ಲ. ಮನೆಯಿಂದ ಕಚೇರಿಗೆ ಸೈಕಲ್ಲಿನಲ್ಲಿ ಇಪ್ಪತ್ತೈದು ನಿಮಿಷ. ಇಡೀ ದಿನದಲ್ಲಿ ನನ್ನನ್ನು ಯಾರೂ ಏನೂ ಕೇಳದ ಹೊತ್ತು ಅದೊಂದೇ. ಅದು ಹೋಗುತ್ತದೆಂದು ನೆನೆದರೇ ಅಳು ಬರುವಂತಾಗುತ್ತಿತ್ತು.

ಸ್ಟೇಷನ್ ಹತ್ತಿರದ ಸೈಕಲ್ ಅಂಗಡಿಗೆ ಹೋದೆ. ಹೋಗುವುದು ಕಚೇರಿ ಬಿಟ್ಟ ಮೇಲೆ, ಆಗ ಸೈಕಲ್ ಸಾಧುಪ್ರಾಣಿ. ಮೆಕ್ಯಾನಿಕ್ ಪೆಡಲ್ ತಿರುಗಿಸಿ, ಗಿಯರ್ ಮೇಲೆ ಕೆಳಗೆ ಮಾಡಿ, "ಕುಛ್ ನಹೀ ಹೈ ಮ್ಯಾಡಮ್" ಎಂದು ನನ್ನ ಮುಖ ನೋಡಿದ. ಎರಡನೆಯ ಸಲ ಹೋದಾಗ ನನ್ನ ಸಮಾಧಾನಕ್ಕೆಂದೋ ಏನೋ, ಚೈನ್ ಸವೆದಿರಬಹುದು, ಬದಲಿಸೋಣ ಎಂದ. ಇರಬಹುದು ಎಂಬ ಮಾತು ನನಗೆ ಆಗುವುದಿಲ್ಲ. ಸವೆದಿದೆಯೋ ಇಲ್ಲವೋ, ಎರಡರಲ್ಲಿ ಒಂದು. ಕಚೇರಿಯ ಸ್ಟೀಲ್ ಸ್ಕೇಲನ್ನು ಮನೆಗೆ ತಂದೆ.

ಚೈನಿನ ಅಳತೆ ಬಹಳ ಸುಲಭ. ಒಂದು ಪಿನ್ನಿನ ನಡುಮಧ್ಯಕ್ಕೆ ಸ್ಕೇಲಿನ ಸೊನ್ನೆ ಹಿಡಿದು ಇಪ್ಪತ್ನಾಲ್ಕು ಕೊಂಡಿ ಎಣಿಸಬೇಕು. ಅಲ್ಲಿನ ಪಿನ್ ಹನ್ನೆರಡು ಇಂಚಿನ ಗೆರೆಯ ಮೇಲೇ ಕೂತರೆ ಚೈನ್ ಸವೆದಿಲ್ಲ. ಗೆರೆ ದಾಟಿದ್ದರೆ ಒಳಗಿನ ಪಿನ್ನುಗಳು ಸವೆದು ಚೈನ್ ಉದ್ದವಾಗಿದೆ ಎಂದರ್ಥ. ಮೂರು ಕಡೆ ಅಳೆದೆ. ಮೂರೂ ಕಡೆ ಹನ್ನೆರಡು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಹಿಂದಿನ ಚಕ್ರದ ಹಲ್ಲುಗಳನ್ನು ಟಾರ್ಚ್ ಹಿಡಿದು ನೋಡಿದೆ. ಸವೆದ ಹಲ್ಲು ಒಂದು ಬದಿಗೆ ಕೊಕ್ಕೆಯ ಹಾಗೆ ಬಾಗುತ್ತದಂತೆ. ಇವು ನೆಟ್ಟಗಿದ್ದವು. ಚೈನಿನ ಮೇಲೆ ಮಾತ್ರ, ಪ್ರತಿ ಭಾನುವಾರ ಒರೆಸಿದರೂ, ಕಪ್ಪು ಜಿಡ್ಡು ಕೂರುತ್ತಿತ್ತು. ನಾನು ದಿನವೂ ಹೋಗುವ ಪಾಮ್ ಬೀಚ್ ರಸ್ತೆಯ ಧೂಳು ಎಂದುಕೊಂಡೆ.

ಸಿಟ್ಟು ಹೋಗಿ ಕುತೂಹಲ ಹಿಡಿಯಿತು. ಬಿದ್ದ ಮೇಲೆ ಕೆಲವು ದಿನ ಹಿಡಿದ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಫೈಲುಗಳ ನಡುವೆ ಅದೇ ಯೋಚನೆ. ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ಏರಿಸುವುದು ಹೆಬ್ಬೆರಳು. ಕೇಬಲನ್ನು ಎಳೆಯುವುದು ನಾನು. ಅದರಲ್ಲಿ ತೊಂದರೆ ಇರಲಿಲ್ಲ. ಸಣ್ಣ ಚಕ್ರಕ್ಕೆ ಇಳಿಸುವಾಗ ಬೆರಳು ಕೇಬಲನ್ನು ಬಿಟ್ಟುಕೊಡುತ್ತದೆ ಅಷ್ಟೆ, ಎಳೆದುಕೊಳ್ಳುವುದು ಹಿಂದಿನ ಸ್ಪ್ರಿಂಗ್. ಕೈಕೊಡುತ್ತಿದ್ದದ್ದು ಇಳಿಸುವಾಗ ಮಾತ್ರ. ಹಾಗಾದರೆ ಕೇಬಲಿನ ದಾರಿಯಲ್ಲಿ ಏನೋ ಕೂತಿದೆ. ಆದರೆ ಅದು ಬೆಳಿಗ್ಗೆ ಮಾತ್ರ ಕೂತು, ಮಧ್ಯಾಹ್ನ ಎದ್ದು ಎಲ್ಲಿಗೆ ಹೋಗುತ್ತದೆ?

ಒಂದು ಬೆಳಿಗ್ಗೆ ಆರಕ್ಕೇ ಎದ್ದು ಬಾಲ್ಕನಿಯಲ್ಲಿ ಸೈಕಲ್ಲಿನ ಪಕ್ಕ ಕೂತೆ. ಚಳಿ ಚೆನ್ನಾಗಿತ್ತು. ಚೈನನ್ನು ದೊಡ್ಡ ಚಕ್ರಕ್ಕೆ ಏರಿಸಿ, ಪೆಡಲ್ ತಿರುಗಿಸದೆ ಗುಂಡಿ ಒತ್ತುತ್ತ ಹೋದರೆ ಕೇಬಲ್ ಸಡಿಲಾಗುತ್ತದೆ, ಅದರ ಮೇಲಿನ ಕೊಳವೆಯನ್ನು ಪಕ್ಕಕ್ಕೆ ಸರಿಸಬಹುದು. ಸರಿಸಿದೆ. ತಂತಿಯ ಮೇಲೆ ಬೆಳ್ಳಗೆ ಮೇಣದಂಥದ್ದು. ಬೆರಳಲ್ಲಿ ಉಜ್ಜಿದೆ, ಕರಗಿ ನೀರಾಯಿತು. ಮೂಸಿದೆ. ನನ್ನ ತಲೆಯದೇ ವಾಸನೆ!

ಕೊಬ್ಬರಿ ಎಣ್ಣೆ. ಚಳಿಗಾಲದಲ್ಲಿ ಬಚ್ಚಲ ಕಪಾಟಿನ ಬಾಟಲಿಯಲ್ಲಿ ಅದು ಬೆಳ್ಳಗೆ ಹೆಪ್ಪುಗಟ್ಟುವುದನ್ನು ಈ ಮನೆಯಲ್ಲಿ ಹದಿನೇಳು ವರ್ಷದಿಂದ ನೋಡಿದ್ದೇನೆ. ಬೆಳಿಗ್ಗೆ ಗಟ್ಟಿ, ಬಿಸಿಲೇರಿದರೆ ನೀರು. ಉತ್ತರ ನನ್ನ ಜಡೆಯಲ್ಲೇ ಇತ್ತು.

ಖುಷಿಯಾದದ್ದು ಅರೆಗಳಿಗೆ. ಮರುಗಳಿಗೆಗೆ ತಲೆ ಕಾದಿತು. ಸೈಕಲ್ ಕಂಡರಾಗದವರು ಮನೆಯಲ್ಲಿ ಒಬ್ಬರೇ. ಎಣ್ಣೆ ಬೆರಳನ್ನು ಹಾಗೆಯೇ ಹಿಡಿದು ಅಡುಗೆಮನೆಗೆ ಹೋದೆ. ಅತ್ತೆ ಪಾತ್ರೆಯ ಬಿಸಿನೀರಿನಲ್ಲಿ ಎಣ್ಣೆ ಬಾಟಲಿ ನಿಲ್ಲಿಸಿ ಕರಗಿಸುತ್ತಿದ್ದರು. ಪಕ್ಕದಲ್ಲಿ ಸಣ್ಣ ಚಮಚ.

"ಇದೇನ್ರಿ ಅತ್ತಿ?" ಎಂದೆ.

"ಎಂತ? ಎಣ್ಣೆ." ಅವರಿಗೆ ನನ್ನ ದನಿಯೇ ಅರ್ಥವಾಗಲಿಲ್ಲ. "ನಿನ್ನ ಸೈಕಲ್ಲಿಗೆ. ದೀಪಾವಳಿಯಿಂದ ಬಿಡ್ತಾ ಇದ್ದೇನೆ, ಎಲ್ಲೆಲ್ಲಿ ತೂತು ಉಂಟೋ ಅಲ್ಲೆಲ್ಲ. ನೀನು ಬಿದ್ದ ಮೇಲೆ ದಿನಕ್ಕೆ ಎರಡು ಸಲ. ನನ್ನ ಹೊಲಿಗೆ ಮಿಷಿನ್ನಿಗೂ ಇದೇ."

"ಭಂಗಾರ್‌ಗೆ ಕೊಡ್ತೀನಿ ಅಂದಿದ್ರಿ?"

"ಹೇಳಿದೆ. ಆಮೇಲೆ ನೀನು ಎಂಟು ದಿನ ಬಸ್ಸಲ್ಲಿ ಹೋಗಿ ಬಂದಿ ಅಲ್ವಾ? ಬಂದವಳ ಮುಖ ನೋಡ್ಲಿಕ್ಕಾಗ್ಲಿಲ್ಲ. ಸೈಕಲ್ಲಲ್ಲಿ ಬಂದ ದಿನ ನೀನು ಒಳಗೆ ಬರುವಾಗಲೇ ಏನಾದ್ರೂ ಗುನುಗ್ತೀ."

ನಾನು ಗುನುಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅವರ ಕಣ್ಣು ಬಾಟಲಿಯ ತಳದಲ್ಲಿ ಇನ್ನೂ ಗಟ್ಟಿಯಾಗಿದ್ದ ಎಣ್ಣೆಯ ಮೇಲೆ ಹೋಯಿತು, ಅಲ್ಲಿಂದ ನನ್ನ ಬೆರಳಿಗೆ, ಅಲ್ಲಿಂದ ಮೊಣಕಾಲಿಗೆ. ನನಗೆ ಮೂರು ವಾರ ಹಿಡಿದ ಲೆಕ್ಕ ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

"ಹಾಗಾದ್ರೆ ನೀನು ಬಿದ್ದದ್ದು ಇದರಿಂದವಾ?" ಎಂದರು. ಬಾಟಲಿಯನ್ನು ಬಿಸಿನೀರಿನಿಂದ ಎತ್ತಿ ದೂರ ಇಟ್ಟರು.

"ಇಲ್ರಿ ಅತ್ತಿ," ಎಂದೆ. "ಚೈನ್ ಸವದಿತ್ತು."

ಆ ಸಂಜೆಯೇ ಸೈಕಲ್ಲನ್ನು ಅಂಗಡಿಗೆ ಒಯ್ದೆ. ಕೇಬಲ್ ತೆಗೆಸಿ, ಕೊಳವೆ ಸ್ವಚ್ಛ ಮಾಡಿಸಿ, ಚೈನಿನ ಎಣ್ಣೆಯ ಪುಟ್ಟ ಡಬ್ಬಿ ಒಂದನ್ನು ಕೊಂಡೆ. ಭಾನುವಾರಕ್ಕೊಮ್ಮೆ ಚೈನಿಗೆ ಮಾತ್ರ ಬಿಡುವ ಕೆಲಸ ಅತ್ತೆಯದು ಎಂದು ಆಗಲೇ ತೀರ್ಮಾನಿಸಿದ್ದೆ. ಚೈನನ್ನೂ ಬದಲಿಸು ಎಂದೆ. ಮೆಕ್ಯಾನಿಕ್ ಈ ಸಲ ತಾನೇ ಅಳತೆ ಹಾಕಿದ.

"ಯೇ ತೋ ಏಕ್‌ದಮ್ ನಯಾ ಹೈ ಮ್ಯಾಡಮ್."

"ಗೊತ್ತು," ಎಂದೆ, ಕನ್ನಡದಲ್ಲೇ. ಆಮೇಲೆ ಅವನಿಗೆ ತಿಳಿಯಲೆಂದು, "ಬದಲ್ ದೋ."