ಒಂದು ಗಂಟೆ ಹನ್ನೆರಡು ನಿಮಿಷದ ದೂರು

ಚಾಚಾರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ಬಾಗಿತ್ತು. ಮಡಚಲು ಬರುತ್ತಿರಲಿಲ್ಲ. ಚಹಾದ ಕಪ್ಪು ಹಿಡಿದಾಗ ಅದೊಂದೇ ಬೆರಳು ಎದುರು ಕುಳಿತವರತ್ತ ಚಾಚಿರುತ್ತಿತ್ತು. ಮೌಸನ್ನು ನಡುಬೆರಳಿನಿಂದ ಒತ್ತುತ್ತಿದ್ದರು. ಆ ಬೆರಳನ್ನು ಮುರಿದವನು ನಾನು.

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನಾನು ಮುಕಾದಮನಾಗಿದ್ದೆ. ಕರಗಿದ ಕಬ್ಬಿಣ ಸುರಿಯುವಾಗ ಯಾರಾದರೂ ತಡ ಮಾಡಿದರೆ ಮೊದಲು ನನ್ನ ಕೈ ಏಳುತ್ತಿತ್ತು, ಬಾಯಿ ಆಮೇಲೆ. ಪಾರಿಶ್ವಾಡದಿಂದ ಅಕ್ಕನ ಮಗನನ್ನೂ ಕರೆತಂದು ಅಲ್ಲೇ ಕೆಲಸಕ್ಕೆ ಹಚ್ಚಿದ್ದೆ. ಮಾವನೆಂದು ಸಲಿಗೆ ಕೊಟ್ಟ ಎಂದು ಯಾರೂ ಆಡಬಾರದಲ್ಲ, ಅವನಿಗೆ ಎರಡು ಏಟು ಹೆಚ್ಚಿಗೆ. ಹೊಡೆದರೇ ಕೆಲಸ ಬರುತ್ತದೆ ಎಂದು ನಂಬಿದ್ದೆ.

ಚಾಚಾ ಅಲ್ಲಿ ಹಾಜರಿ ಗುಮಾಸ್ತರು. ಖಾಸಬಾಗದಿಂದ ಸೈಕಲ್ ಮೇಲೆ ಬರುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ನಮ್ಮ ಕೂಡ ಕನ್ನಡ, ಖಾನಾಪುರ ಕಡೆಯವರ ಕೂಡ ಮರಾಠಿ. ಮಾಲೀಕರು ಊಟದ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಅದರ ಮೇಲಿನ ಕಪ್ಪು ಚೌಕಕ್ಕೆ ಫೋನು ಹಿಡಿದರೆ ದೂರಿನ ಫಾರ್ಮು ತೆರೆದುಕೊಳ್ಳುತ್ತಿತ್ತು. ಹೆಸರು ಕೇಳುತ್ತಿರಲಿಲ್ಲ. ತುಂಬಿದ್ದೆಲ್ಲ ಚಾಚಾರ ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಬಂದು ಕೂಡುತ್ತಿತ್ತು. ನೋಡುವವರು ಅವರು ಮತ್ತು ಮಾಲೀಕರು ಇಬ್ಬರೇ. ಯಾರಾದರೂ ಕೋಣೆಗೆ ಕಾಲಿಟ್ಟರೆ ಚಾಚಾ ಹೆಗಲ ಮೇಲಿನ ಟವೆಲ್ಲನ್ನು ಪರದೆಗೆ ಹೊದಿಸಿಬಿಡುತ್ತಿದ್ದರು. "ಇದು ಮಂದಿ ಮನಿ ಬಾಗಲ ಇದ್ದಂಗ್ರಿ. ಹಣಕಿ ಹಾಕಬಾರದು" ಅನ್ನುತ್ತಿದ್ದರು.

ಒಂದು ದಿನ ಮಾಲೀಕರು ನನ್ನನ್ನು ಕರೆದು, "ಮುಕಾದಮ್ರ, ಕೈ ಸ್ವಲ್ಪ ಹಿಡೀರಿ. ನೀವು ಹೊಡದು ಒಬ್ಬಂದು ಕಿವಿ ಹೋಗೇತಂತ. ಫಾರ್ಮಿನ್ಯಾಗ ಬಂದೈತಿ" ಎಂದರು.

ನೆಟ್ಟಗೆ ಚಾಚಾರ ಕೋಣೆಗೆ ನುಗ್ಗಿದೆ. ಟವೆಲ್ಲು ಪರದೆಯ ಮೇಲೆ ಬಿತ್ತು.

"ಯಾರಂವ? ಹೇಳ್ರಿ."

"ಹೆಸರ ಇರೂದಿಲ್ರಿ ಇದರಾಗ."

"ನಿಮಗ ಗೊತ್ತೈತಿ."

"ಗೊತ್ತೈತಿ. ಅದಕ್ಕ ಹೇಳಂಗಿಲ್ಲ."

ಅವರ ಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿದೆ. "ಹೇಳ್ತೀರೋ ಇಲ್ಲೋ" ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಆಗಲೂ ಹೇಳಲಿಲ್ಲ. ಅವರು ಕುರ್ಚಿಯಿಂದ ಜಾರಿದ ಮೇಲೆ ಟವೆಲ್ಲು ಕಿತ್ತು ನಾನೇ ನೋಡಿದೆ. "ಮುಕಾದಮ ಹೊಡದಾನ. ಒಂದ ಕಿವಿ ಕೇಳಂಗಿಲ್ಲ. ಮನ್ಯಾಗ ತಿಳದ್ರ ಅವ್ವ ಅಳತಾಳ" ಎಂದಿತ್ತು. ಪಕ್ಕದ ಖಾನೆಯಲ್ಲಿ ಹಿಂದಿನ ದಿನದ ತಾರೀಖು, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ.

ಆ ಹೊತ್ತಿಗೆ ಎಲ್ಲರೂ ನನ್ನ ಕಣ್ಣೆದುರಿಗೇ ಊಟಕ್ಕೆ ಕುಳಿತಿದ್ದರು. ಜಾಂಬೋಟಿ ಊರಿನ ಒಬ್ಬ ಮಾತ್ರ ಹೊರಗಿನ ಕಟ್ಟೆಯ ಮೇಲೆ ಫೋನು ಹಿಡಿದು ಕುಳಿತಿದ್ದ. ನನಗೆ ಅಷ್ಟು ಸಾಕಾಯಿತು.

ಭಟ್ಟಿಯ ಹತ್ತಿರ ಹೋಗಿ, "ಯಾಕ ಬರದಿ?" ಎಂದು ಕೂಗಿದೆ. ಅವನು ಕಿವಿಗೆ ಕೈ ಹಚ್ಚಿ "ಆಂ?" ಎಂದ. ಭಟ್ಟಿಯ ಗದ್ದಲದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಆ ಕಿವುಡ ಇವನೇ ಅಂದುಕೊಂಡೆ. ಕೈಗೆ ಸಿಕ್ಕ ಕಬ್ಬಿಣದ ಸಲಾಕೆಯಿಂದ ಮೊಣಕೈಗೆ ಹೊಡೆದೆ. ಎಲುಬು ಮುರಿದದ್ದು ನನ್ನ ಅಂಗೈಗೆ ತಿಳಿಯಿತು. ಅವನು ಆಗಷ್ಟೇ ಸುರಿದ ಅಚ್ಚಿನ ಬಿಸಿ ಉಸುಕಿನ ಮೇಲೆ ಅಂಗಾತ ಬಿದ್ದ. ಅಂಗಿ ಹೊಗೆಯಾಡಿತು. ಮತ್ತೆ ಸಲಾಕೆ ಎತ್ತಿದೆ.

ಮುರಿದ ಬೆರಳಿನ ಕೈಯನ್ನು ಎದೆಗೆ ಒತ್ತಿಕೊಂಡು ಚಾಚಾ ಅಡ್ಡ ಬಂದು ನಿಂತರು.

"ಇವ ಅಲ್ರೀ. ಬರಿಯಾಕ ಬಾರದವ್ರು ಮುಂಜಾನೆ ಗೇಟಿನ್ಯಾಗ ನನಗ ಹೇಳ್ತಾರ. ನಾ ಊಟದ ಸೂಟ್ಯಾಗ ಕುಂತು ತುಂಬತೇನಿ. ಆ ಟೈಮು ನಾ ಬಟನ್ ಒತ್ತಿದ್ದು. ಇವ ಹೆಂಡತಿ ಕೂಡ ಮಾತಾಡ್ಲಿಕ್ಕತ್ತಿದ್ದ. ಹೊಡೀಬೇಕಂದ್ರ ನನ್ನ ಹೊಡೀರಿ."

ಸಲಾಕೆ ಕೈಯಿಂದ ಬಿತ್ತು. ನಾಲ್ಕು ಜನ ಸೇರಿ ಅವನನ್ನು ಉಸುಕಿನಿಂದ ಎತ್ತಿದರು. ಬೆನ್ನಿನ ಚರ್ಮ ಅಂಗಿಗೆ ಅಂಟಿಕೊಂಡು ಬಂತು.

ಜೈಲಿಗೆ ಹೋದೆ. ಕೋರ್ಟಿನಲ್ಲಿ ಚಾಚಾ ನನ್ನ ವಿರುದ್ಧ ಕಂಡದ್ದನ್ನೆಲ್ಲ ಹೇಳಿದರು, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಬಿಡುಗಡೆಯಾದ ದಿನ ಹೊರಗೆ ಸೈಕಲ್ ಹಿಡಿದು ನಿಂತಿದ್ದವರೂ ಅವರೇ. ಚಹಾದಂಗಡಿಯಲ್ಲಿ ಆ ಬೆರಳು ನನ್ನತ್ತ ಚಾಚಿತ್ತು. ನಾನು ತಲೆ ಎತ್ತಲಿಲ್ಲ.

"ಬೆರಳ ತೋರಸಾಕತ್ತೈತ್ರಿ, ನಾ ಅಲ್ಲ" ಎಂದು ನಕ್ಕರು. "ಚಹಾ ಆರತೈತಿ, ಕುಡೀರಿ."

ದೂರು ಯಾರದೆಂದು ಆಮೇಲೆ ಎಷ್ಟೋ ಸಲ ಕೇಳಿದೆ. "ಅದಕ್ಕಿನ್ನೂ ಟವೆಲ್ಲ ಹಾಕೇನ್ರಿ" ಅನ್ನುತ್ತಿದ್ದರು. ಜಾಂಬೋಟಿಗೂ ಮೂರು ಸಲ ಹೋದೆ. ಅವನು ಬಾಗಿಲು ತೆಗೆಯಲಿಲ್ಲ. ತೆಗೆಯಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಹೋದ ತಿಂಗಳು ಚಾಚಾ ತೀರಿಕೊಂಡರು. ನಾನು ಈಗಿರುವುದು ಖಾನಾಪುರದಲ್ಲಿ. ಸುದ್ದಿ ಕೇಳಿ ಮೊದಲ ಬಸ್ಸು ಹಿಡಿದೆ. ಖಬರಸ್ತಾನದಲ್ಲಿ ಫೌಂಡ್ರಿಯವರೆಲ್ಲ ಮಣ್ಣು ಹಾಕಲು ನಿಂತಿದ್ದರು. ನನ್ನ ಮುಂದೆ ಅಕ್ಕನ ಮಗ. "ಸ್ವಲ್ಪ ಸರಿಯೋ" ಎಂದು ಅವನ ಬಲಗಡೆಯಿಂದ ಹೇಳಿದೆ. ಸರಿಯಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಹಿಂದಿದ್ದ ಹಳೆಯ ಕೆಲಸಗಾರನೊಬ್ಬ, "ಆ ಕಡೆ ಅವಂಗ ಕೇಳಂಗಿಲ್ರಿ. ಸ್ವಂತ ಮಾವ ಆಗಿ ನಿಮಗ ಗೊತ್ತಿಲ್ಲೇನು?" ಎಂದ.

ಕೈಯಲ್ಲಿದ್ದ ಮಣ್ಣು ಕೈಯಲ್ಲೇ ಉಳಿಯಿತು. ಅಂದು ಕೋಣೆಯಲ್ಲಿ ಚಾಚಾ ಒಂದು ಹೆಸರು ಹೇಳಿದ್ದರೆ ಬೆರಳು ಉಳಿಯುತ್ತಿತ್ತು. ಆ ಬಿಸಿ ಉಸುಕಿನ ಮೇಲೆ ನನ್ನ ಅಕ್ಕನ ಮಗ ಬೀಳುತ್ತಿದ್ದ.

ಇಷ್ಟು ಬರೆದು ಪಾರಿಶ್ವಾಡಕ್ಕೆ ಹೊರಡುತ್ತಿದ್ದೇನೆ. ಅಕ್ಕನ ಎದುರಿಗೇ ಎಲ್ಲ ಹೇಳಬೇಕು. ಅವನ ಎಡಗಡೆ ಕುಳಿತು ಹೇಳಬೇಕು.