ಚೀಟಿ ಮೇಷ್ಟ್ರು

ಶೆಟ್ಟಿಕೊಪ್ಪದ ಆಚೆ, ಬಸ್ಸು ತಿರುಗಿಸುವ ಊರಿನ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಓದು ಕಲಿಸುವ ವೃಷಭೇಂದ್ರಪ್ಪ ಮೇಷ್ಟ್ರಿಗೆ ಚೀಟಿ ಅಂಟಿಸುವ ಹುಚ್ಚು. ಮಕ್ಕಳ ಕಣ್ಣಿಗೆ ಬಿದ್ದದ್ದೆಲ್ಲ ಓದಲು ಸಿಗಬೇಕು ಎನ್ನುವುದು ಅವರ ವಾದ. ಬಾಗಿಲಿಗೆ 'ಬಾಗಿಲು', ಕಿಟಕಿಗೆ 'ಕಿಟಕಿ', ತಮ್ಮ ಅಂಗಿಯ ಜೇಬಿಗೆ 'ಜೇಬು'. ಬಿಸಿಯೂಟದ ಹೊತ್ತಿಗೆ ಬರುವ ನಾಯಿಯ ಕೊರಳಲ್ಲಿ 'ನಾಯಿ' ತೂಗುತ್ತದೆ. ತಪಾಸಣೆಗೆ ಬಂದ ಸಾಹೇಬರು ಬೆನ್ನ ಮೇಲೆ 'ಸಾಹೇಬರು' ಹೊತ್ತುಕೊಂಡೇ ಎನ್.ಆರ್. ಪುರಕ್ಕೆ ವಾಪಸಾದರು. ಯಾರೂ ಹೇಳಿಕೊಡದೆ ಒಂದು ಮಗು ಮೊದಲ ಚೀಟಿ ಓದಿತೆಂದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಆ ಮಗುವೇ ಹೋಗಿ ಶಾಲೆಯ ಗಂಟೆ ಬಾರಿಸಬೇಕು. ಅದನ್ನು ಮಧ್ಯಾಹ್ನದ ಗಂಟೆಯೆಂದು ನಂಬಿ ಬೆಳಿಗ್ಗೆ ಹತ್ತಕ್ಕೇ ಊಟಕ್ಕೆ ಕೂತ ಊರವರು, "ಯಾರದೋ ಮಗು ಓದ್ತು ಕಾಣುತ್ತೆ. ಮಧ್ಯಾಹ್ನ ಇನ್ನೊಂದ್ಸಲ ಉಂಡ್ರಾಯ್ತು ಬಿಡು ಮಾರಾಯ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಒಂದು ದಿನ ಮೇಷ್ಟ್ರು ಅವಸರದಲ್ಲಿ ಅಡುಗೆಕೋಣೆಯ ಉಪ್ಪಿನ ಡಬ್ಬಿಗೆ 'ಬೆಲ್ಲ' ಅಂಟಿಸಿಬಿಟ್ಟರು. ಬಿಸಿಯೂಟದ ಅಡುಗೆ ಮಾಡುವ ಶಂಕರಮ್ಮ, ಸಂಬಳಕ್ಕೆ ಹೆಬ್ಬೆಟ್ಟು ಒತ್ತುವವರು, ಸೌಟು ಹಿಡಿದೇ ಕ್ಲಾಸಿಗೆ ನುಗ್ಗಿದರು. "ಎಂಥ ಮೇಷ್ಟ್ರೋ ನೀವು! ಉಪ್ಪಿಗೆ ಬೆಲ್ಲ ಅಂತ ಬರ್ದಿದ್ದೀರಲ್ಲ, ಮಕ್ಕಳು ಏನ್ ಕಲೀಬೇಕು?" ಬೈದು ಮುಗಿದ ಮೇಲಷ್ಟೇ ಶಂಕರಮ್ಮನಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಮೇಷ್ಟ್ರು ಅವರ ಕೈಯಿಂದ ಸೌಟು ತೆಗೆದುಕೊಂಡು, ಗಂಟೆ ಹೊಡೆಯುವ ಸುತ್ತಿಗೆ ಕೊಟ್ಟರು. ಅನ್ನ ಸೀದ ವಾಸನೆ ಊರೆಲ್ಲ ಹರಡಿದರೂ ಶಂಕರಮ್ಮ ಗಂಟೆ ನಿಲ್ಲಿಸಲಿಲ್ಲ.